ವೇಪ್ ಎಳೆದಾಗ ಸುಟ್ಟ ರುಚಿ ಯಾಕೆ ಬರುತ್ತದೆ? ಫಾರ್ವರ್ಡ್ ಆಗುತ್ತಿರುವ 'ಟಿಪ್ಸ್' ಎಷ್ಟು ನಿಜ?

"ವೇಪ್ ಎಳೆದಾಗ ಸುಟ್ಟ ವಾಸನೆ ಬಂದರೆ ಹೆದರಬೇಡಿ. ಜ್ಯೂಸ್ ತುಂಬಿ ಹತ್ತು ನಿಮಿಷ ಬಿಡಿ, ಪವರ್ ಕಡಿಮೆ ಮಾಡಿ. ಆಮೇಲೆ ಬರುವುದು ಬರೀ ನೀರಿನ ಹಬೆ, ಏನೂ ಆಗಲ್ಲ." ಈ ಅರ್ಥದ ಸಂದೇಶವೊಂದನ್ನು ರಬಕವಿ-ಬನಹಟ್ಟಿಯ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಜೊತೆಗೆ ಅವರದೇ ಎರಡು ಸಾಲು: "ತಮ್ಮನ ಫೋನಿನ್ಯಾಗ ಬಂದಿತ್ರಿ. ಅಂವಾ ಒಂದು ತಂದಿಟ್ಕೊಂಡಾನ. ಇದು ಖರೇ ಏನ್ರಿ?" ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದಲೂ ಇಂಥದ್ದೇ ಪ್ರಶ್ನೆಗಳು ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಚಿಕ್ಕ ಉತ್ತರ ಹೀಗಿದೆ. ಸಂದೇಶದ ಮೊದಲ ಅರ್ಧ ಬಹುಮಟ್ಟಿಗೆ ನಿಜ, ಹಾಗೆ ಮಾಡಿದರೆ ಸುಟ್ಟ ರುಚಿ ಕಡಿಮೆಯಾಗಬಹುದು. ಎರಡನೇ ಅರ್ಧ ಸುಳ್ಳು. ಅಪಾಯ ಇರುವುದು ಇವೆರಡನ್ನು ಒಂದೇ ಸಂದೇಶದಲ್ಲಿ ಹೊಲಿದಿರುವುದರಲ್ಲಿ. ಮೊದಲನೆಯದನ್ನು ಮಾಡಿ ನೋಡಿದವರಿಗೆ ಅದು ಸರಿ ಅನಿಸುತ್ತದೆ, ಹಾಗಾಗಿ ಎರಡನೆಯದನ್ನೂ ನಂಬಿಬಿಡುತ್ತಾರೆ.

ಒಳಗೆ ಇರುವುದು ಒಂದು ಬತ್ತಿ

ಹೊರಗಿನಿಂದ ಪೆನ್ನಿನಂತೆಯೋ ಪೆನ್‌ಡ್ರೈವ್‌ನಂತೆಯೋ ಕಂಡರೂ ವೇಪ್‌ನ ಒಳಗಿನ ಕೆಲಸ ಹಳೆಯದೇ. ಒಂದು ಬ್ಯಾಟರಿ, ದ್ರವ ತುಂಬುವ ಪುಟ್ಟ ಟ್ಯಾಂಕ್, ಸುರುಳಿ ಸುತ್ತಿದ ಲೋಹದ ತಂತಿ ಅಂದರೆ ಕಾಯಿಲ್, ಅದಕ್ಕೆ ತಾಗಿಕೊಂಡ ಹತ್ತಿ. ಹತ್ತಿ ದ್ರವವನ್ನು ಹೀರಿ ಕಾಯಿಲ್ ಬಳಿ ತರುತ್ತದೆ. ಗುಂಡಿ ಒತ್ತಿದಾಗ ಅಥವಾ ದಮ್ಮು ಎಳೆದಾಗ ಕಾಯಿಲ್ ಕಾಯುತ್ತದೆ, ದ್ರವ ಆವಿಯಾಗುತ್ತದೆ.

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲಿನ ಲಡಿಯ ಒಂದು ತುದಿ ಬಣ್ಣದ ನೀರಿಗೆ ತಾಗಿದರೆ ಸಾಕು, ಬಣ್ಣ ತಾನೇ ಮೇಲೇರುತ್ತದೆ. ಎಳೆಗಳ ನಡುವಿನ ಸಂದುಗಳಲ್ಲಿ ದ್ರವ ಹೀಗೆ ಏರುವುದಕ್ಕೆ ಕ್ಯಾಪಿಲರಿ ಕ್ರಿಯೆ ಎನ್ನುತ್ತಾರೆ. ಹಣತೆಯ ಬತ್ತಿಯೂ ಕಂದೀಲಿನ ಬತ್ತಿಯೂ ಕೆಲಸ ಮಾಡುವುದು ಹೀಗೆಯೇ. ಕಂದೀಲಿನಲ್ಲಿ ಎಣ್ಣೆ ಇರುವಷ್ಟು ಹೊತ್ತು ಬತ್ತಿ ಹೆಚ್ಚು ಸವೆಯುವುದಿಲ್ಲ, ಎಣ್ಣೆ ಮುಗಿದರೆ ಬತ್ತಿಯೇ ಉರಿಯತೊಡಗಿ ಮನೆತುಂಬ ಕಮಟು ವಾಸನೆ.

ವೇಪ್‌ನಲ್ಲಿ 'ಡ್ರೈ ಹಿಟ್' ಎಂದು ಕರೆಯುವುದು ಇದನ್ನೇ. ಕಾಯಿಲ್ ಕಾಯುವ ವೇಗಕ್ಕೆ ಹತ್ತಿ ದ್ರವ ತಂದುಕೊಡಲು ಆಗದಿದ್ದಾಗ ಹತ್ತಿ ಒಣಗುತ್ತದೆ, ಉಳಿದ ದ್ರವ ಮಿತಿಮೀರಿ ಕಾಯುತ್ತದೆ, ಹತ್ತಿ ಕರಕಲಾಗುತ್ತದೆ. ಪಾತ್ರೆಯಲ್ಲಿ ನೀರಿರುವ ತನಕ ತಳ ಹೊತ್ತುವುದಿಲ್ಲ, ನೀರು ಇಂಗಿದ ಮರುಕ್ಷಣ ಹೊತ್ತುತ್ತದಲ್ಲ, ಹಾಗೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಾಯಿಲ್‌ನ ಉಷ್ಣತೆಯನ್ನೇ ಅಳೆದು ನೋಡಿತು. ದ್ರವ ಇದ್ದಾಗ ಅದು ಸುಮಾರು 330 ಡಿಗ್ರಿ ಸೆಲ್ಸಿಯಸ್ ಒಳಗೇ ಇತ್ತು. ಒಣ ಕಾಯಿಲ್ ಮಾತ್ರ ಸುಮಾರು 1000 ಡಿಗ್ರಿಯವರೆಗೂ ಹೋಗಿತ್ತು.

ಬತ್ತಿ ಒಣಗುವುದು ಯಾವಾಗ?

ಟ್ಯಾಂಕ್ ಖಾಲಿಯಾದಾಗ ಒಣಗುವುದು ಎಲ್ಲರಿಗೂ ಗೊತ್ತು. ಟ್ಯಾಂಕ್ ತುಂಬಿದ್ದರೂ ಒಣಗಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಹೊಸ ಕಾಯಿಲ್ ಹಾಕಿದ ಕೂಡಲೇ ಎಳೆದರೆ ಹತ್ತಿ ಇನ್ನೂ ನೆನೆದಿರುವುದಿಲ್ಲ. ಬಿಡುವಿಲ್ಲದೆ ದಮ್ಮಿನ ಮೇಲೆ ದಮ್ಮು ಎಳೆದರೆ ಹತ್ತಿಗೆ ಮತ್ತೆ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ಗ್ಲಿಸರಿನ್ ಹೆಚ್ಚಿರುವ ದ್ರವ ಮಂದವಾಗಿರುವುದರಿಂದ ನಿಧಾನ ಹರಿಯುತ್ತದೆ, ಚಳಿಗಾಲದಲ್ಲಿ ಇನ್ನೂ ನಿಧಾನ.

ಇನ್ನೊಂದು ಕಾರಣ ಪವರ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ ಕಾಯಿಲ್‌ನ ರೋಧದಿಂದ ಭಾಗಿಸಿದರೆ ಪವರ್ ಸಿಗುತ್ತದೆ. 3.7 ವೋಲ್ಟ್ ಬ್ಯಾಟರಿಗೆ 1.8 ಓಮ್‌ನ ಕಾಯಿಲ್ ಹಾಕಿದರೆ ಸುಮಾರು 7.6 ವ್ಯಾಟ್, ಅದೇ ಬ್ಯಾಟರಿಗೆ 0.5 ಓಮ್‌ನ ಕಾಯಿಲ್ ಹಾಕಿದರೆ ಸುಮಾರು 27 ವ್ಯಾಟ್. ಕಾಯಿಲ್‌ನ ಮೇಲೆ ಬರೆದ ಮಿತಿಗಿಂತ ಪವರ್ ಹೆಚ್ಚಿಟ್ಟರೆ ಹತ್ತಿ ಸೋಲುತ್ತದೆ.

ಸಿಹಿಯದೂ ಒಂದು ಪಾಲಿದೆ. ಮುಧೋಳ, ಜಮಖಂಡಿ ಕಡೆ ಬೆಲ್ಲದ ಗಾಣಕ್ಕೆ ಹೋದವರು ಕೊಪ್ಪರಿಗೆಯ ಅಂಚಿಗೆ ಹತ್ತಿಕೊಳ್ಳುವ ಕಪ್ಪು ಪದರ ನೋಡಿರುತ್ತೀರಿ. ಹಣ್ಣಿನ, ಮಿಠಾಯಿಯ ಫ್ಲೇವರ್‌ನ ದ್ರವಗಳಲ್ಲಿರುವ ಸಿಹಿಕಾರಕಗಳು ಕಾಯಿಲ್‌ನ ಮೇಲೂ ಅಂಥದ್ದೇ ಜಿಗುಟು ಕರಿ ಕಟ್ಟಿಸುತ್ತವೆ. ಕರಿ ಕಟ್ಟಿದ ಕಡೆ ದ್ರವ ತಲುಪುವುದಿಲ್ಲ. ಇನ್ನು ಬಳಸಿ ಬಿಸಾಡುವ ಡಿಸ್ಪೋಸಬಲ್‌ಗಳಲ್ಲಿ ಮರುತುಂಬುವ ವ್ಯವಸ್ಥೆಯೇ ಇರುವುದಿಲ್ಲ. ಸುಟ್ಟ ರುಚಿ ಬಂತೆಂದರೆ ದ್ರವ ಮುಗಿಯುತ್ತಾ ಬಂದಿದೆ ಎಂದೇ ಅರ್ಥ, ಆದರೂ ದುಡ್ಡು ಕೊಟ್ಟಿದ್ದೇವಲ್ಲ ಎಂದು ಇನ್ನೂ ನಾಲ್ಕು ದಮ್ಮು ಎಳೆಯುವವರೇ ಹೆಚ್ಚು.

ಆ ಸುಟ್ಟ ವಾಸನೆಯಲ್ಲಿ ಇರುವುದೇನು?

ವೇಪ್ ದ್ರವದ ಬಹುಪಾಲು ಪ್ರೊಪಿಲಿನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಇವು ಮಿತಿಮೀರಿ ಕಾದರೆ ಆವಿಯಾಗುವುದರ ಜೊತೆಗೆ ಒಡೆದು ಬೇರೆ ವಸ್ತುಗಳಾಗುತ್ತವೆ. ಗ್ಲಿಸರಿನ್ ಒಡೆದರೆ ಅಕ್ರೋಲಿನ್ ಹುಟ್ಟುತ್ತದೆ. ಬಜ್ಜಿ ಕರಿಯುವ ಎಣ್ಣೆ ಹೊಗೆಯಾಡುವಷ್ಟು ಕಾದಾಗ ಕಣ್ಣು ಉರಿದು ಗಂಟಲು ಕೆರೆಯುವುದಕ್ಕೆ ಕಾರಣವೂ ಇದೇ ಅಕ್ರೋಲಿನ್. ಪ್ರೊಪಿಲಿನ್ ಗ್ಲೈಕಾಲ್ ಒಡೆದರೆ ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್ ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ.

ಈ ವಿಷಯದಲ್ಲಿ ವಿಜ್ಞಾನಿಗಳ ನಡುವೆಯೇ ನಡೆದ ಒಂದು ವಾದ ತಿಳಿದುಕೊಳ್ಳುವಂಥದ್ದು, ಏಕೆಂದರೆ ಎರಡೂ ಕಡೆಯ ಫಾರ್ವರ್ಡ್‌ಗಳು ಇದರಿಂದ ತಮಗೆ ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಂಡಿವೆ. 2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಚಿಕ್ಕ ವರದಿ ಬರೆದರು. 3.3 ವೋಲ್ಟ್‌ನಲ್ಲಿ ಅವರು ಹುಡುಕುತ್ತಿದ್ದ ಫಾರ್ಮಾಲ್ಡಿಹೈಡ್ ರೂಪಗಳು ಕಾಣಲಿಲ್ಲ, 5 ವೋಲ್ಟ್‌ಗೆ ಏರಿಸಿದಾಗ ಗಣನೀಯವಾಗಿ ಕಂಡವು. 'ಸಿಗರೇಟಿಗಿಂತ ವೇಪ್ ಕೆಟ್ಟದ್ದು' ಎಂಬ ತಲೆಬರಹಗಳು ಲೋಕವೆಲ್ಲ ಓಡಾಡಿದವು. ಅದೇ ವರ್ಷ ಗ್ರೀಸ್‌ನ ಹೃದಯತಜ್ಞ ಕಾನ್‌ಸ್ಟಾಂಟಿನೋಸ್ ಫಾರ್ಸಲಿನೋಸ್ ಮತ್ತು ಜೊತೆಗಾರರು ಅಡಿಕ್ಷನ್ ಎಂಬ ಪತ್ರಿಕೆಯಲ್ಲಿ ಬೇರೆ ಪ್ರಯೋಗ ಪ್ರಕಟಿಸಿದರು. ಅನುಭವಿ ಬಳಕೆದಾರರ ಕೈಗೇ ಸಾಧನ ಕೊಟ್ಟು, ಯಾವ ಪವರ್‌ನಲ್ಲಿ ಸುಟ್ಟ ರುಚಿ ಬರುತ್ತದೆ ಎಂದು ಕೇಳಿ, ಎರಡೂ ಸ್ಥಿತಿಯ ಆವಿಯನ್ನು ಅಳೆದರು. ಡ್ರೈ ಹಿಟ್‌ನಲ್ಲಿ ಈ ವಿಷಗಳು 30ರಿಂದ 250 ಪಟ್ಟು ಹೆಚ್ಚಿದ್ದವು. ಅಷ್ಟು ಕೆಟ್ಟ ರುಚಿಯನ್ನು ಯಾರೂ ಎಳೆಯುತ್ತ ಕೂರುವುದಿಲ್ಲ, ಹಾಗಾಗಿ ಮೊದಲ ವರದಿ ನಿಜ ಬದುಕಿನ ಬಳಕೆಯನ್ನು ತೋರಿಸುವುದಿಲ್ಲ ಎಂಬುದು ಅವರ ವಾದ.

ಫಾರ್ಸಲಿನೋಸ್ ಅವರ ಮಾತಿನಲ್ಲಿ ಹುರುಳಿದೆ ಎಂದೇ ನಮಗೆ ಅನಿಸುತ್ತದೆ. ಆದರೆ ಅದು ನಿಂತಿರುವುದು ನಾಲಗೆಯ ಮೇಲೆ. ಸುಟ್ಟ ರುಚಿ ಬಂದರೆ ಮನುಷ್ಯ ನಿಲ್ಲಿಸುತ್ತಾನೆ ಎಂದು ಅದು ಎಣಿಸುತ್ತದೆ. ಗಾಢ ಮಾವಿನ, ಪುದೀನದ, ಐಸ್‌ನ ಫ್ಲೇವರ್ ಆ ರುಚಿಯನ್ನು ಮುಚ್ಚಿದರೆ? ಹಂಚಿಕೊಂಡು ಸೇದುವ ಹುಡುಗರ ಗುಂಪಿನಲ್ಲಿ ಹೊಸಬನಿಗೆ ಸರಿಯಾದ ರುಚಿ ಯಾವುದು, ಸುಟ್ಟದ್ದು ಯಾವುದು ಎಂದೇ ತಿಳಿಯದಿದ್ದರೆ? ಮೇಲಾಗಿ, ಸಿಹಿಗಾಗಿ ಹಾಕುವ ಸುಕ್ರಲೋಸ್ ತಾನೂ ಒಡೆದು ದ್ರವ ಒಡೆಯುವುದನ್ನೂ ಹೆಚ್ಚಿಸುತ್ತದೆ ಎಂದು ನಂತರದ ಪ್ರಯೋಗಗಳು ತೋರಿಸಿವೆ.

ಹಾಗಾದರೆ ಆ ಟಿಪ್ಸ್?

ದ್ರವ ತುಂಬಿ ಹತ್ತು ನಿಮಿಷ ಬಿಡುವುದು, ಪವರ್ ಇಳಿಸುವುದು, ದಮ್ಮುಗಳ ನಡುವೆ ಅಂತರ ಕೊಡುವುದು: ಮೂರೂ ಹತ್ತಿಗೆ ನೆನೆಯಲು ಸಮಯ ಕೊಡುತ್ತವೆ. ಕಾಯಿಲ್ ಕಡಿಮೆ ಕಾದಷ್ಟೂ ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಕಡಿಮೆಯಾಗುತ್ತವೆ ಎಂಬುದೂ ಸರಿ. ಆದರೆ ಒಮ್ಮೆ ಕರಕಲಾದ ಹತ್ತಿ ಮತ್ತೆ ಬೆಳ್ಳಗಾಗುವುದಿಲ್ಲ, ಹೊಸ ದ್ರವ ಎಷ್ಟು ಸುರಿದರೂ. ಹೊತ್ತಿದ ಅನ್ನಕ್ಕೆ ನೀರು ಹಾಕಿದಂತೆ. ಕಾಯಿಲನ್ನು ನೀರಿನಲ್ಲಿ ತೊಳೆದು ಒಣಗಿಸಿ ಬಳಸಿ ಎನ್ನುವ, ಬೆಂಕಿಗೆ ಹಿಡಿದು ಕರಿ ಸುಡಿ ಎನ್ನುವ ಸಲಹೆಗಳನ್ನಂತೂ ಮುಂದೆ ಕಳಿಸಲೇಬೇಡಿ. ಕೈಯಿಂದ ಕಾಯಿಲ್‌ಗೆ ಹನಿ ಹಾಕುವಾಗ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಹೋಗುತ್ತದೆ. ಹಣ್ಣಿನ ಪರಿಮಳದ ಆ ಬಾಟಲಿ ಮನೆಯ ಸಣ್ಣ ಮಕ್ಕಳ ಕೈಗೆ ಸಿಕ್ಕರೆ ಕುಡಿದೇಬಿಡುತ್ತವೆ, ಸ್ವಲ್ಪವೂ ಪ್ರಾಣಾಪಾಯ ತರಬಹುದು.

'ಬರೀ ನೀರಿನ ಹಬೆ' ಎಂಬುದು ಯಾವ ಪವರ್‌ನಲ್ಲೂ ನಿಜವಾಗುವುದಿಲ್ಲ. ಸರಿಯಾಗಿ ನೆನೆದ ಬತ್ತಿಯಿಂದ ಬರುವ ಮೋಡದಲ್ಲೂ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್ ರಾಸಾಯನಿಕಗಳು, ನಿಕೋಟಿನ್ ಇರುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಬಳಕೆದಾರರ ಸ್ವಂತ ಸಾಧನಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. ಬಾಟಲಿಯ ದ್ರವದಲ್ಲಿ ತೀರಾ ಕಡಿಮೆ ಇದ್ದ ಸೀಸ, ನಿಕ್ಕಲ್, ಕ್ರೋಮಿಯಂಗಳು ಕಾಯಿಲ್ ತಾಗಿದ ಮೇಲಿನ ಆವಿಯಲ್ಲಿ ಹೆಚ್ಚಾಗಿದ್ದವು.

ಎದುರು ದಿಕ್ಕಿನ ಅತಿರೇಕವನ್ನೂ ಹೇಳಿಬಿಡೋಣ. 'ಒಂದು ಸುಟ್ಟ ದಮ್ಮು ಎಳೆದರೆ ಶ್ವಾಸಕೋಶ ಕರಗುತ್ತದೆ, ಅಮೆರಿಕದಲ್ಲಿ ಹೀಗೇ ಸತ್ತರು' ಎನ್ನುವುದೂ ತಪ್ಪು. ಅಲ್ಲಿ 2020ರ ಫೆಬ್ರವರಿ 18ರ ವೇಳೆಗೆ ವೇಪ್ ಸಂಬಂಧಿ ಶ್ವಾಸಕೋಶ ಗಾಯದ 2,807 ಪ್ರಕರಣಗಳೂ 68 ಸಾವುಗಳೂ ದಾಖಲಾದವು ನಿಜ. ಆದರೆ ಅದರ ಹಿಂದಿದ್ದ ಮುಖ್ಯ ವಸ್ತು, ಹೆಚ್ಚಾಗಿ ಗಾಂಜಾ ಅಂಶದ ಕಳ್ಳ ಸರಕಿನಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಬತ್ತಿ ಒಣಗಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮಗೆ ಸಂಬಂಧ ಇರುವುದು 'ಕಳ್ಳ ಸರಕು' ಎಂಬ ಮಾತಿಗೆ.

ನಮ್ಮಲ್ಲಿ ಸಿಗುವುದೆಲ್ಲ ಕಳ್ಳ ಸರಕೇ

ಕರ್ನಾಟಕ ಸರ್ಕಾರ ಇ-ಸಿಗರೇಟ್‌ಗಳನ್ನು 2016ರಲ್ಲೇ ನಿಷೇಧಿಸಿತ್ತು. ಕೇಂದ್ರದ ಸುಗ್ರೀವಾಜ್ಞೆ 2019ರ ಸೆಪ್ಟೆಂಬರ್ 18ರಂದು ಬಂತು, ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ವಿತರಣೆ, ಜಾಹೀರಾತು ಎಲ್ಲಕ್ಕೂ ಮೊದಲ ಬಾರಿಗೆ 1 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಸೆರೆ ಮತ್ತು 5 ಲಕ್ಷದವರೆಗೆ ದಂಡ. ಸಂಗ್ರಹಿಸಿಟ್ಟರೆ 6 ತಿಂಗಳವರೆಗೆ ಸೆರೆ ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಳಕೆಯನ್ನು ನೇರವಾಗಿಯೋ ಪರೋಕ್ಷವಾಗಿಯೋ ಪ್ರಚಾರ ಮಾಡುವ ಜಾಹೀರಾತಿನಲ್ಲಿ ಪಾಲ್ಗೊಳ್ಳುವುದನ್ನೂ ಕಾಯ್ದೆ ಹೆಸರಿಸಿದೆ. ಕೆಳಗೆ ಮಾರಾಟಗಾರನ ನಂಬರ್ ಇರುವ 'ಟಿಪ್ಸ್' ಸಂದೇಶವನ್ನು ಗುಂಪಿಗೆ ದಾಟಿಸುವ ಮುನ್ನ ಇದು ನೆನಪಿರಲಿ.

ಹಾಗಾಗಿ ಕೈಗೆ ಬರುವ ಸಾಧನ ಯಾವುದೇ ಇರಲಿ, ಅದರ ಕಾಯಿಲ್ ಯಾವ ಲೋಹದ್ದು, ದ್ರವದಲ್ಲಿ ನಿಕೋಟಿನ್ ಎಷ್ಟಿದೆ, ಡಬ್ಬಿಯ ಮೇಲೆ ಬರೆದದ್ದು ನಿಜವೇ ಎಂದು ಇಲ್ಲಿ ಪರೀಕ್ಷಿಸಿದವರು ಯಾರೂ ಇಲ್ಲ. ಫಾರ್ಸಲಿನೋಸ್ ಅಳೆದದ್ದು ತಯಾರಕರೂ ಪವರೂ ಗೊತ್ತಿದ್ದ ಸಾಧನಗಳನ್ನು.

2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇ-ಸಿಗರೇಟ್ ಬಳಸುವವರು ದೇಶದಲ್ಲಿ 0.02% ಮಾತ್ರ ಇದ್ದರು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ 22.8% ಜನ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು, ಅದರಲ್ಲೂ ಜಗಿಯುವವರೇ ಹೆಚ್ಚು. ಗುಟ್ಕಾ ಬಿಡಲು ವೇಪ್ ಹಿಡಿದೆ ಎನ್ನುವವರೂ ನಮಗೆ ಬರೆದಿದ್ದಾರೆ. ವೇಪ್ ಕೂಡ ಅದೇ ನಿಕೋಟಿನ್ ಚಟವನ್ನು ಉಳಿಸುತ್ತದೆ. ನಿಕೋಟಿನ್ ಗಮ್, ಪ್ಯಾಚ್‌ಗಳು ಕಾನೂನುಬದ್ಧವಾಗಿ ಸಿಗುತ್ತವೆ, ಅವುಗಳ ಪ್ರಮಾಣ ವೈದ್ಯರಿಗೆ ಗೊತ್ತು.

ಇನ್ನು ಬನಹಟ್ಟಿಯ ಆ ಅಣ್ಣನಿಗೆ. ತಮ್ಮ ಸುಟ್ಟ ದಮ್ಮು ಎಳೆದು ಕೆಮ್ಮಿದ್ದರೆ, ಗಂಟಲು ಉರಿ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಉಸಿರು ಕಟ್ಟುವುದು, ಎದೆನೋವು, ಜ್ವರದ ಜೊತೆ ನಿಲ್ಲದ ಕೆಮ್ಮು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವೇಪ್ ಸೇದುವ ವಿಷಯ ಡಾಕ್ಟರ ಮುಂದೆ ಮುಚ್ಚಿಡಬೇಡಿ, ಹೇಳದಿದ್ದರೆ ಅವರು ನ್ಯುಮೋನಿಯಾ ಎಂದೇ ಚಿಕಿತ್ಸೆ ಶುರುಮಾಡಬಹುದು. ಬಿಡುವ ಮನಸ್ಸಿದ್ದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಕರೆ ಮಾಡಲಿ, ದುಡ್ಡು ಹೋಗುವುದಿಲ್ಲ, ಕನ್ನಡದಲ್ಲೇ ಮಾತನಾಡಬಹುದು.