ಒಂದು ಚಪ್ಪಲಿ, ಒಂಬತ್ತು ಕೋಟಿ ವರ್ಷ

ಹಾಸನದ ಒಂದು ಮನೆ. ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಮಗ ತನ್ನ ಅರ್ಜಿಯನ್ನು ಮಂಡಿಸಿದ. ಬಿಎಸ್ಸಿ ಎರಡನೇ ವರ್ಷದ ನಾಲ್ವರು ಗೆಳೆಯರು ಶನಿವಾರ ಬೆಳಿಗ್ಗೆ ಹೊರಟು, ಸಹಪಾಠಿಯೊಬ್ಬನ ಮಲ್ಪೆಯ ಮನೆಯಲ್ಲಿ ತಂಗಿ, ಭಾನುವಾರ ಸೇಂಟ್ ಮೇರೀಸ್ ದ್ವೀಪ ನೋಡಿಕೊಂಡು ರಾತ್ರಿ ಬಸ್ಸಿಗೆ ವಾಪಸು ಬರುವುದು. ಖರ್ಚಿನ ಲೆಕ್ಕವೂ ಸಿದ್ಧವಾಗಿತ್ತು.

‘ನೀರಿಗೆ ಮಾತ್ರ ಇಳೀಬೇಡ ಕಣೋ’ ಎಂದರು ತಾಯಿ. ಅದು ಅನುಮತಿಯೇ ಎಂದು ಮಗ ಅರ್ಥ ಮಾಡಿಕೊಂಡ.

‘ನಂಗೆ ಈಜು ಬರುತ್ತಲ್ಲಮ್ಮ. ಅಜ್ಜನ ತೋಟದ ಬಾವೀಲಿ ಕಲಿತಿದ್ದೀನಿ.’

‘ಬಾವೀಲಿ ಕಲಿತಿದ್ದೀಯ’ ಎಂದಷ್ಟೇ ಹೇಳಿ ತಂದೆ ಮಜ್ಜಿಗೆ ಬಡಿಸಿಕೊಂಡರು.

ಘಟ್ಟ ಇಳಿದು ಮಲ್ಪೆ ತಲುಪಿದಾಗ ಸಂಜೆಯಾಗಿತ್ತು. ಬಂದರಿನ ವಾಸನೆಗೆ ಮೂಗು ಮುಚ್ಚಿಕೊಂಡವರು ಅರ್ಧ ಗಂಟೆಯಲ್ಲಿ ಅದನ್ನು ಮರೆತರು. ರಾತ್ರಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮೀನು ತಿನ್ನದ ಒಬ್ಬನಿಗೆ ಬೇರೆಯಾಗಿ ಸೌತೆಕಾಯಿ ಸಾಂಬಾರು. ಮನೆಯ ಯಜಮಾನರು ಮೂವತ್ತು ವರ್ಷ ದೋಣಿಯಲ್ಲಿ ದುಡಿದವರು. ಜಗಲಿಯಲ್ಲಿ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು.

‘ನಾಳೆ ಎಷ್ಟು ಗಂಟೆಗೆ ಹೋಗುವುದು ಮಕ್ಕಳೇ?’ ಎಂದು ಕೇಳಿದರು. ಹುಡುಗರು ಮೊಬೈಲಿನಲ್ಲಿ ಹವಾಮಾನ ನೋಡಿ ಮಳೆಯಿಲ್ಲ ಎಂದರು. ಅವರು ಆಕಾಶದಲ್ಲಿ ಚಂದ್ರನನ್ನು ನೋಡಿದರು. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು.

ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಮೂರೂ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವುದರಿಂದ ಸೂರ್ಯ ಚಂದ್ರರ ಸೆಳೆತಗಳು ಕೂಡಿಕೊಂಡು ಉಬ್ಬರವಿಳಿತ ದೊಡ್ಡದಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ಅದರ ಪೂರ್ಣ ಪರಿಣಾಮ ಕಾಣುವುದು ಒಂದೆರಡು ದಿನ ತಡವಾಗಿ. ಅಂಥ ದಿನಗಳಲ್ಲಿ ಉಡುಪಿಯ ಕರಾವಳಿಯಲ್ಲಿ ನೀರು ಒಂದು ಮೀಟರಿಗೂ ಮಿಕ್ಕಿ ಏರುತ್ತದೆ. ದಿನಕ್ಕೆ ಎರಡು ಬಾರಿ ಬರುವ ಈ ಉಬ್ಬರ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ಜಗಲಿಯ ಮೇಲೆ ಕುಳಿತವರಿಗೆ ಇದು ಪಂಚಾಂಗದಷ್ಟೇ ನಿತ್ಯದ ಸಂಗತಿ. ‘ಬೆಳಿಗ್ಗೆ ಕಾಲಿಟ್ಟ ಕಲ್ಲು ಮಧ್ಯಾಹ್ನಕ್ಕೆ ಸಿಗಲಿಕ್ಕಿಲ್ಲ, ನೋಡಿಕೊಳ್ಳಿ’ ಎಂದರು.

ಭಾನುವಾರ ಬೆಳಿಗ್ಗೆ ಗೋಳಿಬಜೆ, ಚಹಾ ಮುಗಿಸಿ ದೋಣಿ ಹತ್ತಿದರು. ಜೊತೆಗೆ ಗೆಳೆಯನ ಅಕ್ಕ. ಆಕೆ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನದ ಎಂಎಸ್ಸಿ ಓದುತ್ತಿದ್ದವಳು. ಮಲ್ಪೆಯಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್. ಮಳೆಗಾಲದಲ್ಲಿ ಈ ಓಡಾಟವಿಲ್ಲ. ದೋಣಿ ಅಲೆಯ ಮೇಲೆ ಒಮ್ಮೆ ಏರಿ ಇಳಿದಾಗ ನಾಲ್ವರೂ ಕೂಗಿ ಕೇಕೆ ಹಾಕಿದರು. ಎರಡನೆಯ ಬಾರಿ ಇಬ್ಬರು ಮಾತ್ರ ಕೂಗಿದರು.

ದ್ವೀಪವೆಂದರೆ ಒಂದಲ್ಲ, ಸಾಲಾಗಿ ನಾಲ್ಕು. ಜನ ಹೆಚ್ಚಾಗಿ ಹೋಗುವುದು ತೆಂಗಿನ ಮರಗಳಿರುವ ದ್ವೀಪಕ್ಕೆ. ಸುತ್ತಮುತ್ತಲಿನವರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಇಲ್ಲಿ ಜನವಸತಿ ಇಲ್ಲ. ಸಂಜೆಯಾಗುವ ಮುನ್ನ ಎಲ್ಲರೂ ಹಿಂತಿರುಗಬೇಕು. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಹತ್ತು ಮೀಟರಿನಷ್ಟೆ. ಮೇರಿಯ ಹೆಸರು ಬಂದದ್ದು ಪೋರ್ಚುಗೀಸರಿಂದ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದನೆಂದು ಅನೇಕರು ಬರೆಯುತ್ತಾರೆ. ಅವನ ಯಾತ್ರೆಯ ದಿನಚರಿಯ ಪ್ರಕಾರ ದ್ವೀಪವೊಂದರ ಮೇಲೆ ಸಂತ ಮೇರಿಯ ಹೆಸರಿನ ಕಂಬ ನೆಟ್ಟದ್ದು ಕಲ್ಲಿಕೋಟೆಯಿಂದ ಹಿಂತಿರುಗುವಾಗ, ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಕಾಲಿಟ್ಟ ಕೂಡಲೇ ಗಮನಕ್ಕೆ ಬರುವುದು ಮರಳಿನ ಬದಲು ಚಿಪ್ಪು. ಒಡೆದದ್ದು, ಇಡಿಯಾದದ್ದು, ಉಗುರಿಗಿಂತ ಚಿಕ್ಕದು. ಒಬ್ಬ ಜೇಬು ತುಂಬಿಸತೊಡಗಿದ. ಅವನು ಎತ್ತಿಕೊಂಡ ಒಂದು ಶಂಖಕ್ಕೆ ಕಾಲು ಮೂಡಿತು! ಒಳಗೆ ಸನ್ಯಾಸಿ ಏಡಿ. ಸ್ವಂತ ಚಿಪ್ಪಿಲ್ಲದ ಈ ಪ್ರಾಣಿ ಸತ್ತ ಶಂಖದ ಹುಳುವಿನ ಮನೆಯಲ್ಲಿ ಬಾಡಿಗೆಗಿರುತ್ತದೆ, ಬೆಳೆದಂತೆ ದೊಡ್ಡ ಮನೆ ಹುಡುಕುತ್ತದೆ. ಜೇಬಿನ ಚಿಪ್ಪುಗಳೆಲ್ಲ ಮತ್ತೆ ನೆಲಕ್ಕೆ ಬಿದ್ದವು. ಚಿಪ್ಪಿನ ರಸಾಯನಶಾಸ್ತ್ರ ತಿಳಿಯಬೇಕೆನ್ನುವವರು ಮನೆಯಲ್ಲೇ ಮೊಟ್ಟೆಯ ಸಿಪ್ಪೆಗೆ ವಿನೆಗರ್ ಹಾಕಿ ನೋಡಬಹುದು. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟೇ.

ಆದರೆ ಈ ದ್ವೀಪದ ನಿಜವಾದ ಆಶ್ಚರ್ಯ ಅದರ ಕಲ್ಲು. ಬಡಗಿ ಅಳತೆಯಿಟ್ಟು ಕೊಯ್ದ ತೊಲೆಗಳನ್ನು ನೆಟ್ಟಗೆ ಜೋಡಿಸಿಟ್ಟಂತೆ ಸಾಲುಸಾಲು ಕಂಬಗಳು. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಅಲ್ಲೊಂದು ಇಲ್ಲೊಂದಕ್ಕೆ ಏಳು. ‘ಯಾವ ರಾಜ ಕೆತ್ತಿಸಿದ್ದಕ್ಕಾ?’ ಎಂದು ಕೇಳಿದವನು ಗಣಿತದಲ್ಲಿ ಮೊದಲ ಸ್ಥಾನದವನು.

‘ಬೇಸಿಗೆಯಲ್ಲಿ ನಿಮ್ಮ ಕಡೆ ಕೆರೆ ಬತ್ತಿದಾಗ ಕೆಸರು ಹೇಗೆ ಬಿರಿಯುತ್ತದೆ?’ ಎಂದಳು ಅಕ್ಕ.

ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ನೀರು ಆರಿದ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಕಾದ ಶಿಲಾರಸವೂ ತಣ್ಣಗಾಗುವಾಗ ಹೀಗೆಯೇ ಕುಗ್ಗುತ್ತದೆ. ಮೇಲ್ಮೈಯಲ್ಲಿ ಮೊದಲ ಬಿರುಕುಗಳು ಮೂಡುತ್ತವೆ. ಒಂದು ಬಿಂದುವಿನಲ್ಲಿ ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿದರೆ ಕಲ್ಲಿನೊಳಗಿನ ಬಿಗಿತ ಎಲ್ಲ ದಿಕ್ಕಿಗೂ ಸಮನಾಗಿ ಸಡಿಲಾಗುತ್ತದೆ. ಎಲ್ಲ ಮೂಲೆಗಳೂ 120 ಡಿಗ್ರಿಯಾದರೆ ಆಕೃತಿ ಷಡ್ಭುಜವಾಗಲೇಬೇಕು, ಜೇನುಗೂಡಿನ ಲೆಕ್ಕ. ಒಳಗಿನ ರಸ ತಣಿದಂತೆಲ್ಲ ಬಿರುಕು ಕೆಳಕ್ಕೆ ಇಳಿಯುತ್ತದೆ, ಹೀಗೆ ಕಂಬವಾಗುತ್ತದೆ. ನಿಧಾನ ತಣಿದರೆ ಕಂಬ ದಪ್ಪ, ಬೇಗ ತಣಿದರೆ ಸಪೂರ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿಯೂ ಇಂಥ ಕಂಬಗಳು ಸುಮಾರು 40,000 ಇವೆ. ಅವು ಬಸಾಲ್ಟಿನವು. ಮಲ್ಪೆಯ ಕಲ್ಲನ್ನೂ ಬಸಾಲ್ಟ್ ಎಂದೇ ಜನ ಹೇಳುತ್ತಾರೆ. ನಿಜದಲ್ಲಿ ಇದರಲ್ಲಿ ಸಿಲಿಕಾ ಹೆಚ್ಚು. ಇದು ರಯೋಲೈಟ್, ಡೇಸೈಟ್ ಬಳಗದ ಕಲ್ಲು.

ವಯಸ್ಸು? ದಖ್ಖನಿನ ಲಾವಾ ಪದರಗಳು ಹರಿದದ್ದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ. ಈ ದ್ವೀಪದ ಕಲ್ಲು ಅದಕ್ಕೂ ಹಿರಿಯ, ಸುಮಾರು ಒಂಬತ್ತು ಕೋಟಿ ವರ್ಷದ್ದು. ಆಗ ಭಾರತದ ಈ ಪಶ್ಚಿಮದ ಅಂಚಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡೂ ಸೀಳಿ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಶಿಲಾರಸವೇ ಇದು ಎಂಬುದು ಭೂವಿಜ್ಞಾನಿಗಳ ವಿವರಣೆ. ಮಡಗಾಸ್ಕರಿನಲ್ಲೂ ಅದೇ ಪ್ರಾಯದ ಜ್ವಾಲಾಮುಖಿ ಶಿಲೆಗಳು ಸಿಕ್ಕಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಂಥ ಸ್ಮಾರಕದ ಮೇಲೆ ಚಿಪ್ಸ್ ಪೊಟ್ಟಣ ಎಸೆಯುವವರಿಗೆ ಏನು ಹೇಳುವುದು?

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ತೆಂಗಿನ ನೆರಳಿನಲ್ಲಿ ಕಾಲು ಚಾಚಿದರು. ಬುತ್ತಿಯ ಅವಲಕ್ಕಿ ಖಾಲಿಯಾಯಿತು. ಇಬ್ಬರು ಗೊರಕೆ ಹೊಡೆದರು. ಹಾಸನದ ಹುಡುಗ ಮಾತ್ರ ಎದ್ದು, ತೆರೆದ ಕಡಲಿಗೆ ಮುಖ ಮಾಡಿದ ಬದಿಗೆ ಒಬ್ಬನೇ ನಡೆದ.

ಅಲ್ಲಿ ಕಂಬಗಳು ಬೇರೆ ಬೇರೆ ಎತ್ತರದಲ್ಲಿ ಮುರಿದು, ಥೇಟ್ ಊರ ಕಲ್ಯಾಣಿಯ ಮೆಟ್ಟಿಲುಗಳಂತೆ ನೀರಿಗೆ ಇಳಿದಿದ್ದವು. ಮೋಸವಿರುವುದೇ ಇಲ್ಲಿ. ಕಲ್ಯಾಣಿಯಲ್ಲಿ ನೀರಿನೊಳಗೂ ಮೆಟ್ಟಿಲಿರುತ್ತದೆ. ಇಲ್ಲಿ ಕೊನೆಯ ಕಂಬದಾಚೆ ನೇರ ಆಳ. ಅಲೆ ತೊಯ್ಯಿಸುವ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿ. ಅಲೆಗಳೂ ಒಂದೇ ಸಮ ಬರುವುದಿಲ್ಲ. ಬೇರೆ ಬೇರೆ ಉದ್ದದ ಅಲೆಗಳು ಒಂದರ ಮೇಲೊಂದು ಕೂಡಿ, ಹತ್ತು ಸಣ್ಣವು ಬಂದ ಮೇಲೆ ಒಂದು ದೊಡ್ಡದು ಬರಬಹುದು. ಒಂದು ಘನಮೀಟರ್ ಕಡಲ ನೀರಿನ ತೂಕ ಒಂದು ಟನ್ನಿಗೂ ಹೆಚ್ಚು. ಮೊಣಕಾಲಿನಷ್ಟು ಎತ್ತರದ ನೀರು ಓಡಿಬಂದು ಬಡಿದರೂ ಗಟ್ಟಿಮುಟ್ಟಾದ ಆಳು ಉರುಳುತ್ತಾನೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಬಂಡೆಗಳ ಬಳಿ ನೀರುಪಾಲಾದರು.

ಹುಡುಗ ಕಡಲಿಗೆ ಬೆನ್ನು ಹಾಕಿ, ಮೊಬೈಲ್ ಎತ್ತಿ ಹಿಡಿದು, ಹಿಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ.

‘ಏಯ್! ಕೂತ್ಕೋ! ಕಲ್ಲು ಹಿಡ್ಕೊಂಡು ಕೂತ್ಕೋ!’

ಕೂಗಿದ್ದು ಮಲ್ಪೆಯ ಗೆಳೆಯ. ಅವನ ದನಿಯಲ್ಲಿ ಏನಿತ್ತೋ, ಹುಡುಗ ಪ್ರಶ್ನೆ ಕೇಳದೆ ಕುಳಿತ. ಅಲೆ ಅವನ ಎದೆಯವರೆಗೆ ಬಂದು ಹಿಂದಕ್ಕೆ ಎಳೆಯಿತು. ಕಂಬದ ಅಂಚನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದ. ನೀರು ಇಳಿದಾಗ ಅಂಗೈ ತರಚಿತ್ತು, ಮೊಬೈಲ್ ಇರಲಿಲ್ಲ, ಎಡಗಾಲಿನ ಚಪ್ಪಲಿ ದೂರದಲ್ಲಿ ತೇಲುತ್ತಿತ್ತು. ತೀರಾ ದೂರವೇನಲ್ಲ, ನಾಲ್ಕು ಬೀಸು ಈಜಿದರೆ ಸಿಗುವಷ್ಟು. ಅವನು ಒಂದು ಕ್ಷಣ ಅದನ್ನೇ ನೋಡಿದ. ಗೆಳೆಯ ಬಂದು ಅಂಗಿಯ ಕಾಲರ್ ಹಿಡಿದು ಮೇಲಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಕಾವಲಿನವನ ಸೀಟಿಯೂ ಕೇಳಿಸಿತು. ನಂತರ ಬೈಗುಳವೂ.

ಸಂಜೆ ಜಗಲಿಯಲ್ಲಿ ಯಜಮಾನರು ಬೈಯಲಿಲ್ಲ. ‘ನನ್ನ ಮಗನೂ ಅಲ್ಲಿ ನೀರಿಗೆ ಇಳಿಯುವುದಿಲ್ಲ. ಈಜು ಬಾರದೇ ಅಲ್ಲ’ ಎಂದು ಹೇಳಿ, ಬಲೆ ಪಕ್ಕಕ್ಕಿಟ್ಟು, ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಅಲೆಗಳು ದಡಕ್ಕೆ ತಳ್ಳಿದ ನೀರು ಎಲ್ಲಾದರೂ ಹಿಂತಿರುಗಲೇಬೇಕು. ಇಕ್ಕಟ್ಟಾದ ಒಂದು ದಾರಿ ಹಿಡಿದು ರಭಸದಿಂದ ಹೋಗುತ್ತದೆ. ಆ ಜಾಗದಲ್ಲಿ ನೊರೆ ಕಡಿಮೆ, ಅಲೆ ಒಡೆಯುವುದಿಲ್ಲ. ಶಾಂತವಾಗಿದೆಯೆಂದು ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದವನು ದಡದತ್ತ ಈಜಿ ಈಜಿ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರಬಹುದು. ಆಗದಿದ್ದರೆ ಸುಮ್ಮನೆ ತೇಲುತ್ತಾ ಕೈ ಎತ್ತಿ ಕರೆಯಬೇಕು. ನೋಡುವವರು ಹಿಂದೆ ಹಾರಬಾರದು. ಹಗ್ಗ, ಖಾಲಿ ಕ್ಯಾನು, ತೇಲುವ ಏನಾದರೂ ಎಸೆಯಬೇಕು.

‘ಬಾವಿಗೆ ಗೋಡೆ ಉಂಟಲ್ಲ ಮಗಾ, ಯಾವ ಕಡೆ ಈಜಿದರೂ ಸಿಗುತ್ತದೆ’ ಎಂದರು ಕೊನೆಗೆ. ಬಾವಿಯ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಹಾಸನದ ಹುಡುಗ ಬಸ್ ನಿಲ್ದಾಣದ ಹತ್ತಿರ ಅಗ್ಗದ ಚಪ್ಪಲಿ ಕೊಂಡು, ಗೆಳೆಯನ ಮೊಬೈಲಿನಿಂದ ಮನೆಗೆ ಮಾತಾಡಿದ. ಫೋನೆತ್ತಿದ್ದು ತಂದೆ.

‘ಅಪ್ಪ, ನನ್ನ ಫೋನು ನೀರಿಗೆ ಬಿತ್ತು.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ನೀನು?’

‘ನಾನು ಬೀಳಲಿಲ್ಲ. ಊರಿಗೆ ಬಂದು ಹೇಳ್ತೀನಿ.’

‘ಬಸ್ಸಿನಲ್ಲಿ ಕಿಟಕಿ ಹಾಕ್ಕೊಂಡು ಮಲಗು, ಘಟ್ಟದಲ್ಲಿ ಚಳಿ ಇರುತ್ತೆ’ ಎಂದು ತಂದೆ ಫೋನಿಟ್ಟರು.