ಹೆಸರು ಓಲ್ಡ್ ಏಲ್, ರುಚಿ ಬರೀ ಬರ್ಬನ್!

ಬರ್ಬನ್ ಪೀಪಾಯಿಯಲ್ಲಿ ಇಟ್ಟ ಬಿಯರ್ ಅಂದ ಕೂಡಲೇ ಕಣ್ಣರಳಿಸುವವರ ಜೊತೆ ನನ್ನದೊಂದು ಜಗಳ ಇದೆ. ಎಲ್ಲಾ ಬಿಯರ್ ಬಗ್ಗೆ ಅಲ್ಲ, ಓಲ್ಡ್ ಏಲ್ ಬಗ್ಗೆ ಮಾತ್ರ. ಅದನ್ನು ಬರ್ಬನ್ ಪೀಪಾಯಿಗೆ ಹಾಕುವುದೂ ಒಂದೇ, ಇಂಗು ಖಾಲಿಯಾದ ಡಬ್ಬಿಗೆ ಕೇಸರಿ ತುಂಬಿಡುವುದೂ ಒಂದೇ. ದುಡ್ಡು ಕೇಸರಿಗೆ, ವಾಸನೆ ಇಂಗಿನದು!

ಗೊತ್ತಿಲ್ಲದವರಿಗೆ ಎರಡು ಮಾತು. ಓಲ್ಡ್ ಏಲ್ ಇಂಗ್ಲೆಂಡಿನ ಬಿಯರ್. ಮಾಲ್ಟ್ ಜಾಸ್ತಿ ಹಾಕಿ ಸ್ಟ್ರಾಂಗ್ ಆಗಿ ಮಾಡಿ, ಮರದ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟುವವರೆಗೂ ಮಾಗಿಸುತ್ತಿದ್ದರು. ಒಣದ್ರಾಕ್ಷಿ, ಖರ್ಜೂರ, ಸುಟ್ಟ ಸಕ್ಕರೆ, ಜೊತೆಗೆ ಚೂರು ಹುಳಿ... ಈ ರುಚಿಯೆಲ್ಲ ಬರೋದು ಕಾಲದಿಂದ. ಆಗಿನ ಇಂಗ್ಲೆಂಡಿನಲ್ಲಿ 'ಸ್ಟೇಲ್' ಬಿಯರ್ ಅಂದರೆ ಬೈಗುಳ ಅಲ್ಲ, ಚೆನ್ನಾಗಿ ಮಾಗಿದ್ದು ಅಂತ ಅರ್ಥ. 1904ರಲ್ಲಿ ಕಾರ್ಲ್ಸ್‌ಬರ್ಗ್‌ನ ವಿಜ್ಞಾನಿ ಕ್ಲಾಸೆನ್ ಇಂಥ ಬಿಯರ್‌ಗಳ ಮಾಗಿದ ರುಚಿಗೆ ಕಾರಣವಾದ ಒಂದು ಯೀಸ್ಟನ್ನು ಗುರುತಿಸಿ 'ಬ್ರೆಟನೊಮೈಸಿಸ್' ಅಂತ ಹೆಸರಿಟ್ಟ. ಬ್ರಿಟನ್ ಆ ಹೆಸರಿನಲ್ಲೇ ಇದೆ ನೋಡಿ.

ಇನ್ನು ಪೀಪಾಯಿ ಕಥೆ. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಒಳಗೆ ಸುಟ್ಟು ಕಪ್ಪು ಮಾಡಿದ ಹೊಸ ಓಕ್‌ನಲ್ಲೇ ಇಡಬೇಕು ಅಂತ ಅಮೆರಿಕದ ಕಾನೂನು. ಒಮ್ಮೆ ಬಳಸಿದ್ದು ಮತ್ತೆ ಬರ್ಬನ್‌ಗೆ ಬರೋಲ್ಲ. ಹಾಗಾಗಿ 53 ಗ್ಯಾಲನ್‌ನ, ಅಂದರೆ ಸುಮಾರು 200 ಲೀಟರಿನ ಪೀಪಾಯಿಗಳು ರಾಶಿ ರಾಶಿ ಹೊರಬೀಳುತ್ತವೆ. ಸ್ಕಾಚ್‌ನವರು ಕೊಳ್ಳುತ್ತಾರೆ, ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಮಾಗುವುದೂ ಇಂಥವುಗಳಲ್ಲಿ. 1990ರ ದಶಕದಲ್ಲಿ ಶಿಕಾಗೋದ ಗೂಸ್ ಐಲೆಂಡ್‌ನವರು ಅದರಲ್ಲಿ ಸ್ಟೌಟ್ ತುಂಬಿ ಹೆಸರು ಮಾಡಿದರು. ಆಮೇಲೆ ಶುರುವಾಯ್ತು ನೋಡಿ, ಸಿಕ್ಕಿದ್ದನ್ನೆಲ್ಲ ತುಂಬೋದು.

ಮೊನ್ನೆ ಇಲ್ಲಿ ಗೆಳೆಯರೆಲ್ಲ ಸೇರಿ ಅಂಥದ್ದೊಂದು ಓಲ್ಡ್ ಏಲ್ ತೆರೆದೆವು. ಕಂಪನಿ ಹೆಸರು ಬೇಡ. ಮೂಗಿಗೆ ಮೊದಲು ವೆನಿಲ್ಲಾ, ಆಮೇಲೆ ಕೊಬ್ಬರಿ, ಆಮೇಲೆ ಘಾಟು. ನಾಲಿಗೆಗೂ ಅದೇ ಪಾಠ. ಅರ್ಧ ಗಂಟೆ ಬಿಟ್ಟು ಕುಡಿದರೆ ತಳದಲ್ಲೆಲ್ಲೋ ಒಂದಿಷ್ಟು ಖರ್ಜೂರ. ಅದೇ ಕಂಪನಿಯ ಸಾದಾ ಓಲ್ಡ್ ಏಲ್ ಪಕ್ಕದಲ್ಲೇ ಇತ್ತು. ಬೆಲೆ ಅರ್ಧಕ್ಕಿಂತ ಕಡಿಮೆ, ರುಚಿ ಎರಡು ಪಟ್ಟು!

"ಹಿಂದೆಯೂ ಮರದಲ್ಲೇ ಇಡ್ತಿದ್ರಲ್ಲ, ಇದೂ ಸಂಪ್ರದಾಯ ತಾನೆ?" ಅಂತ ಒಬ್ಬ ಗೆಳೆಯನ ವಾದ. ಅಲ್ಲ ಮಾರಾಯ! ಮರದ ರುಚಿ ಬಿಯರ್‌ಗೆ ಇಳಿಯಬಾರದು ಅಂತಲೇ ಇಂಗ್ಲೆಂಡಿನವರು ಬಾಲ್ಟಿಕ್ ಕಡೆಯ ಮೆಮೆಲ್ ಓಕ್ ತರಿಸುತ್ತಿದ್ದರು. ಅಮೆರಿಕದ ಓಕ್ ಕಂಡರೆ ಮೂಗು ಮುರಿಯುತ್ತಿದ್ದರು, ಅದು ತನ್ನ ರುಚಿ ಬಿಡುತ್ತದೆ ಅಂತ. ಯಾವುದನ್ನು ದೋಷ ಅಂತ ಅವರು ದೂರ ಇಟ್ಟರೋ ಅದನ್ನೇ ಇವತ್ತು ಸಂಪ್ರದಾಯದ ಹೆಸರಲ್ಲಿ ಮಾರುತ್ತಿದ್ದಾರೆ.

ಸ್ಟೌಟ್ ಆದರೆ ನನ್ನ ತಕರಾರಿಲ್ಲ. ಹುರಿದ ಮಾಲ್ಟಿನ ಕಾಫಿಯಂಥ ಕಹಿ ಬರ್ಬನ್ ಎದುರು ಗಟ್ಟಿಯಾಗಿ ನಿಲ್ಲುತ್ತದೆ. ಓಲ್ಡ್ ಏಲ್‌ಗೆ ಆ ಕಹಿಯ ರಕ್ಷಣೆ ಇಲ್ಲ, ಅದರ ಬಂಡವಾಳ ಮಾಗಿದ ರುಚಿ ಒಂದೇ.

ನನಗೆ ಸಿಟ್ಟು ಬರೋದು ಇಲ್ಲಿ. ಹಲಗೆಗಳು ಲೀಟರುಗಟ್ಟಲೆ ಬರ್ಬನ್ ಹೀರಿಕೊಂಡಿರುತ್ತವೆ. ಕೆಲವೇ ತಿಂಗಳು ಇಟ್ಟರೂ ಸಾಕು, ಎಳೆಯ ಬಿಯರ್‌ಗೂ ವಯಸ್ಸಾದವರ ವೇಷ ಬಂದುಬಿಡುತ್ತದೆ. ನಮ್ಮ ಸಾಫ್ಟ್‌ವೇರ್‌ನಲ್ಲೂ ಇದೇ ಕಥೆ, ಕೋಡ್ ಹಾಗೇ ಬಿಟ್ಟು ಹೊಸ ಸ್ಕ್ರೀನ್ ಅಂಟಿಸಿ ವರ್ಷನ್ 2.0 ಅನ್ನೋದು :-) ಮೊದಲ ಸಲ ಇದನ್ನು ಕುಡಿದವನು ಓಲ್ಡ್ ಏಲ್ ಅಂದರೆ ಇಷ್ಟೇ ಅಂದುಕೊಳ್ಳುತ್ತಾನೆ. ನಾಳೆ ಅವನು ಸಾದಾ ಬಾಟಲಿ ಕೇಳೋದೇ ಇಲ್ಲ. ಕೇಳದ್ದನ್ನು ಯಾವ ಕಂಪನಿ ಮಾಡುತ್ತದೆ ಹೇಳಿ?

ಅದಕ್ಕೇ ಕುಡಿಯುವವರಿಗೆ ನನ್ನದೊಂದು ಸಲಹೆ. ಆ ದುಡ್ಡಿಗೆ ಎರಡು ಸಾದಾ ಬಾಟಲಿ ಕೊಳ್ಳಿ. ಒಂದನ್ನು ಇವತ್ತೇ ಕುಡಿಯಿರಿ, ಇನ್ನೊಂದನ್ನು ತಂಪಾದ ಕತ್ತಲೆ ಮೂಲೆಯಲ್ಲಿ ಎರಡು ವರ್ಷ ಮರೆತುಬಿಡಿ. ಓಲ್ಡ್ ಅನ್ನೋ ಪದಕ್ಕೆ ಅರ್ಥ ಆಗ ಗೊತ್ತಾಗುತ್ತದೆ.

ನೀವೇನಂತೀರಿ?