ಸ್ವಯಂಸೇವಕರು ಮತ್ತು ನಿಯಮಗಳ ಪಟ್ಟಿ

1953ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಪಾದ್ರಿ ಚಾಡ್ ವಾರಾ ಅವರು ಆತ್ಮಹತ್ಯೆಯ ಅಂಚಿಗೆ ತಲುಪಿದವರಿಗಾಗಿ ದೂರವಾಣಿ ಸೇವೆಯೊಂದನ್ನು ಆರಂಭಿಸಿದರು. ಸಾಂತ್ವನ, ಸಲಹೆ ಎಲ್ಲವೂ ಅವರದೇ. ನೆರವಿಗೆ ಬಂದ ಸ್ವಯಂಸೇವಕರ ಪಾಲಿಗಿದ್ದುದು ಸರದಿ ಕಾಯುವವರಿಗೆ ಕಾಫಿ ಕೊಟ್ಟು ಜೊತೆಗೆ ಕುಳಿತುಕೊಳ್ಳುವ ಕೆಲಸ ಮಾತ್ರ. ಆದರೆ ಹೀಗೆ ಕುಳಿತವರ ಬಳಿ ಮನ ಬಿಚ್ಚಿ ಮಾತಾಡಿದ ಅನೇಕರಿಗೆ ಪಾದ್ರಿಯವರನ್ನು ಕಾಣುವ ಅಗತ್ಯವೇ ಉಳಿಯಲಿಲ್ಲ. ಇದನ್ನು ಗಮನಿಸಿದ ವಾರಾ 1954ರ ಫೆಬ್ರವರಿಯಲ್ಲಿ ಆಲಿಸುವ ಹೊಣೆಯನ್ನೇ ಸ್ವಯಂಸೇವಕರಿಗೆ ಒಪ್ಪಿಸಿದರು. ಅದುವೇ ಇಂದು ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಹಗಲಿರುಳು ಕಾರ್ಯಾಚರಿಸುತ್ತಿರುವ 'ಸಮರಿಟನ್ಸ್'.

ಆ ಸ್ವಯಂಸೇವಕರಿಂದ ಅಪೇಕ್ಷಿಸಿದ್ದು ಸ್ಪಷ್ಟವಾಗಿತ್ತು: ತಾಳ್ಮೆಯಿಂದ ಆಲಿಸಬೇಕು, ಕೇಳಿದ್ದನ್ನು ಗುಟ್ಟಾಗಿಡಬೇಕು, ತಮ್ಮ ನಂಬಿಕೆಯನ್ನು ಎದುರಿಗಿದ್ದವರ ಮೇಲೆ ಹೇರಬಾರದು. ಸ್ವತಃ ಪಾದ್ರಿಯೊಬ್ಬರು ಈ ಕೊನೆಯ ಷರತ್ತನ್ನು ಇಟ್ಟರೆಂಬುದು ಗಮನಾರ್ಹ. ಇನ್ನು ನಡುರಾತ್ರಿ ಅಳುತ್ತಾ ಕರೆ ಮಾಡಿದವನಿಗೆ ಯಾವ ಮಾತು ಹೇಳಬೇಕು? ಅದನ್ನು ಯಾವ ನಿಯಮಾವಳಿಯೂ ಮೊದಲೇ ಬರೆದಿಡಲಾರದು. ಅದು ಆಲಿಸುವವನ ವಿವೇಕಕ್ಕೆ ಬಿಟ್ಟದ್ದು.

ನಮ್ಮ ಮೊಹಲ್ಲಾಗಳತ್ತ ನೋಡೋಣ. 2020 ಮತ್ತು 2021ರ ಕೊರೊನಾ ದಿನಗಳಲ್ಲಿ ರಾಜ್ಯದ ಅನೇಕ ಊರುಗಳಲ್ಲಿ ಮುಸ್ಲಿಮ್ ಯುವಕರು ಧರ್ಮ ನೋಡದೆ ಮೃತದೇಹಗಳ ಅಂತ್ಯಸಂಸ್ಕಾರಕ್ಕೆ ಹೆಗಲು ಕೊಟ್ಟರು. ಸುರಕ್ಷತೆಯ ಸೂಚನೆಗಳನ್ನು ಸರಕಾರ ಕೊಟ್ಟಿತ್ತು, ನಿಜ. ಆದರೆ ಅಪರಿಚಿತರ ತಂದೆಯನ್ನು ತಮ್ಮ ತಂದೆಯಂತೆ ಬೀಳ್ಕೊಡಬೇಕೆಂದು ಅವರಿಗೆ ಯಾರೂ ಬರೆದು ಕೊಟ್ಟಿರಲಿಲ್ಲ. ಅಂಥದೇ ಯುವಕರು ರಮಝಾನಿನಲ್ಲಿ ಇಫ್ತಾರ್ ವ್ಯವಸ್ಥೆಗೆಂದು ಮಸೀದಿಗೆ ಬಂದರೆ ಎದುರಾಗುವುದೇನು? ಕೆಲವೆಡೆ ಅದು ಮಾಡಬಾರದು, ಇದು ಮುಟ್ಟಬಾರದು, ಕಾರ್ಯದರ್ಶಿಯನ್ನು ಕೇಳದೆ ತಟ್ಟೆಯನ್ನೂ ಎತ್ತಬಾರದು ಎಂಬ ಸಾಲು ಸಾಲು ನಿಷೇಧಗಳು. ಯಾರೋ ಒಬ್ಬ ಎಂದೋ ಎಸಗಿದ ತಪ್ಪಿಗೆ ಹೊಸದೊಂದು ನಿಯಮ ಹುಟ್ಟುತ್ತದೆ. ತಪ್ಪಿದವನೊಂದಿಗೆ ನೇರವಾಗಿ ಮಾತಾಡುವ ಮುಜುಗರದಿಂದ ಪಾರಾಗಲು ಕಮಿಟಿಗೆ ಅದು ಸುಲಭದ ದಾರಿ. ಮುಂದಿನ ವರ್ಷ ಯುವಕರು ಬರುವುದಿಲ್ಲ. ಆಗ ಹಿರಿಯರು ದೂರುತ್ತಾರೆ, 'ಈ ತಲೆಮಾರಿಗೆ ಆಸಕ್ತಿಯೇ ಇಲ್ಲ' ಎಂದು!

ಸಂಬಳವಿಲ್ಲದೆ ದುಡಿಯುವವನಿಗೆ ತನ್ನಿಂದ ಏನನ್ನು ಬಯಸಲಾಗಿದೆ, ಏಕೆ ಬಯಸಲಾಗಿದೆ ಎಂಬುದು ಗೊತ್ತಿರಬೇಕು. 'ಬಾಗಿಲಿಗೆ ಬಂದ ಯಾವ ಪ್ರಯಾಣಿಕನೂ ಹಸಿದು ಮರಳಬಾರದು' ಎಂದು ಒಪ್ಪಿಸಿ ನೋಡಿ, ತಟ್ಟೆ ಎಷ್ಟು, ಚಾಪೆ ಎಲ್ಲಿ ಎಂಬುದನ್ನು ಅವನೇ ಕಂಡುಕೊಳ್ಳುತ್ತಾನೆ.

ಆದರೆ ಈ ಮಾತಿಗೂ ಒಂದು ಎಲ್ಲೆಯಿದೆ. ಇಂಗ್ಲೆಂಡಿನಲ್ಲಿ ಕ್ರೈಸ್ತ ಬೇಸಿಗೆ ಶಿಬಿರಗಳನ್ನು ಮುನ್ನಡೆಸುತ್ತಿದ್ದ ಜಾನ್ ಸ್ಮಿತ್ ಎಂಬ ವಕೀಲ, ನಂಬಿ ಬಂದ ಹುಡುಗರನ್ನು ಕ್ರೂರವಾಗಿ ಥಳಿಸುತ್ತಿದ್ದ. ತಿಳಿದಿದ್ದ ಕೆಲವರು ದಶಕಗಳ ಕಾಲ ಮೌನ ವಹಿಸಿದರು. 2024ರ ನವೆಂಬರ್‌ನಲ್ಲಿ ಇದರ ವರದಿ ಹೊರಬಂದಾಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಬೇಕಾಯಿತು. ಆದ್ದರಿಂದ ಮದ್ರಸದ ಮಕ್ಕಳ ಸುರಕ್ಷತೆ ಮತ್ತು ಝಕಾತ್‌ನ ಹಣ, ಇವೆರಡನ್ನು ಯಾರ ವಿವೇಕಕ್ಕೂ ಬಿಡುವಂತಿಲ್ಲ. ಅಲ್ಲಿ ಲಿಖಿತ ನಿಯಮವೇ ಬೇಕು, ಅದು ಕಮಿಟಿಯ ಅಧ್ಯಕ್ಷರಿಗೂ ಅನ್ವಯಿಸಬೇಕು.